ಕೌದಿಯ ಮನೆಗೆ ಬಂದ ಕಸೂತಿ ಯಂತ್ರ

ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ ಹಳಿಯಾಳದ ನಮ್ಮ ಮನೆ ಮುಂದೆ ಹುಬ್ಬಳ್ಳಿಯಿಂದ ಒಂದು ಟೆಂಪೊ ಬಂದು ನಿಂತಿತು. ಮಳೆ ಜೋರಾಗಿತ್ತು. ತಾಡಪತ್ರಿ ಹೊದೆಸಿದ್ದ ದೊಡ್ಡ ಪೆಟ್ಟಿಗೆಯನ್ನು ಇಬ್ಬರು ಹುಡುಗರು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಇಟ್ಟರು. ಎದುರು ಮನೆಯವರು ಕೊಡೆ ಹಿಡಿದುಕೊಂಡೇ ಬಂದರು.

“ಟಿವಿ ಏನ್ರೀ?”

“ಅಲ್ಲ, ಹೊಲಿಗಿ ಮಷೀನು.”

“ಮನ್ಯಾಗ ಒಂದು ಐತಲ್ರೀ?”

“ಇದು ಕಸೂತಿ ಹಾಕೂದು. ಕಂಪ್ಯೂಟರ್ ಇದ್ದಂಗ. ತಾನ ಹಾಕತೈತಿ.”

ಅವರು ಪೆಟ್ಟಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, “ನಿಮಗ ಈಗ ಎಷ್ಟಾತ್ರೀ ವಯಸ್ಸು?” ಎಂದು ಕೇಳಿದರು.

ಎಪ್ಪತ್ನಾಲ್ಕು ಆಗಿದೆ. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿ, ಕ್ಲಾರ್ಕ್ ಆಗಿಯೇ ನಿವೃತ್ತನಾದವನು ನಾನು. ಓದಿದ್ದು ಬಿ.ಕಾಂ. ಸೂಜಿ ಹಿಡಿಯುವುದು ಕಲಿತದ್ದು ಅರವತ್ತು ದಾಟಿದ ಮೇಲೆ. ಅದರ ಕಥೆ ಹೇಳಿದರೆ ಈ ಯಂತ್ರ ಯಾಕೆ ಬಂತು ಎನ್ನುವುದೂ ತಿಳಿಯುತ್ತದೆ.

ಇಪ್ಪತ್ತು ಸೂಜಿಯ ಕೆಲಸ

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆ ಮನೆಗೆ ಕೌದಿ ಇಲ್ಲದಿದ್ದರೆ ಮಾಗಿಯ ಚಳಿ ಕಳೆಯುವುದು ಕಷ್ಟ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಹರಿದ ಲಂಗ, ಎಲ್ಲವೂ ಕಡೆಗೆ ಸೇರುವುದು ಕೌದಿಗೆ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ. ನನ್ನಾಕೆ ಧಾರವಾಡದವಳು. ಕಸೂತಿ, ಕೌದಿ ಎರಡೂ ಬಲ್ಲವಳು. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಕೌದಿ ಹೊಲಿದಿದ್ದಾಳೆ. ನಾಲ್ಕು ಮೊಮ್ಮಕ್ಕಳ ನಾಲ್ಕು ಕೌದಿಗಳೂ ಇನ್ನೂ ಬಳಕೆಯಲ್ಲಿವೆ.

2011ರಲ್ಲಿ ನಾನು ನಿವೃತ್ತನಾದೆ. ಪೇಪರ್ ಓದಿ, ವಾಕಿಂಗ್ ಮುಗಿಸಿ ಬಂದರೂ ಗಡಿಯಾರ ಒಂಬತ್ತು ದಾಟುತ್ತಿರಲಿಲ್ಲ. ಆಕೆಗೆ ಕಣ್ಣಿನ ಪೊರೆ ಶುರುವಾಗಿತ್ತು. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸವಾಯಿತು. ಮೊದಲು ಕರೆದಾಗಲೆಲ್ಲ ಒಂದೊಂದು ಸೂಜಿ. ಆಮೇಲೆ ಬೆಳಗ್ಗೆಯೇ ಇಪ್ಪತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಡುವುದು, ಕ್ಯಾಷ್ ಕೌಂಟರಿನಲ್ಲಿ ನೋಟಿನ ಕಟ್ಟು ಜೋಡಿಸಿಟ್ಟ ಹಾಗೆ. ಸಂಜೆ ಐದಾರು ಸೂಜಿ ಉಳಿದಿರುತ್ತಿದ್ದವು. “ಉಳಿದದ್ದು ನೀವ ಹೊಲೀರಿ” ಎಂದಳು ಒಂದು ದಿನ. ಹಾಗೆ ಶುರುವಾಯಿತು. ನನ್ನ ಮೊದಲ ಸಾಲು ನೋಡಿ ಮೊಮ್ಮಗ, “ಅಜ್ಜ, ಇದು ಬಸ್ಸಿನಲ್ಲಿ ಕೂತು ಹೊಲಿದದ್ದಾ?” ಎಂದಿದ್ದ.

ಮೂರು ವರ್ಷದ ಹಿಂದೆ ಆಕೆಯ ಬೆರಳುಗಳಿಗೆ ಸಂಧಿವಾತ ಬಂತು. ಬೆಳಗ್ಗೆ ಚಹಾದ ಕಪ್ಪು ಹಿಡಿಯುವುದೇ ಕಷ್ಟ, ಇನ್ನು ಸೂಜಿ ಎಲ್ಲಿಂದ? ಅದೇ ಹೊತ್ತಿಗೆ ಹಿರಿಯ ಮೊಮ್ಮಗಳು ಬಸುರಿ ಎಂಬ ಸುದ್ದಿ ಬಂತು. ಮರಿಮಗುವಿಗೆ ಕೌದಿ ಹೊಲಿಯಬೇಕು, ಕೈ ಏಳುವುದಿಲ್ಲ. ಆಕೆ ಏನೂ ಹೇಳಲಿಲ್ಲ. ಬಟ್ಟೆಯ ಗಂಟು ಬಿಚ್ಚಿ ನೋಡುವುದು, ಮತ್ತೆ ಕಟ್ಟಿಡುವುದು, ಇಷ್ಟೇ. ಮೂರನೆಯ ಸಲ ಕಟ್ಟಿಟ್ಟಾಗ ನಾನು ಹುಬ್ಬಳ್ಳಿಗೆ ಹೋಗುವುದೆಂದು ನಿಶ್ಚಯಿಸಿದೆ.

ನಮೂನೆಯಲ್ಲಿ ಇಲ್ಲದ ಉದ್ಯೋಗ

ಯಂತ್ರದ ಮಾತಿಗೆ ಮುಂಚೆ ಇನ್ನೊಬ್ಬ ತಾಯಿಯ ಮಾತು ಹೇಳಬೇಕು.

1983ರ ಸುಮಾರಿಗೆ ನಾನು ಇದೇ ಭಾಗದ ಒಂದು ಶಾಖೆಯಲ್ಲಿದ್ದೆ. ಆಗ ಐಆರ್‌ಡಿಪಿ ಸಾಲದ ಕಾಲ. ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆ ಎಂದು ಅದರ ಪೂರ್ತಿ ಹೆಸರು. 1980ರಲ್ಲಿ ದೇಶದ ಎಲ್ಲ ಬ್ಲಾಕುಗಳಿಗೂ ಬಂದಿತ್ತು. ಬಡವರಿಗೆ ಸಾಲ, ಜೊತೆಗೆ ಸರಕಾರದ ಸಬ್ಸಿಡಿ. ಎಮ್ಮೆ, ಕುರಿ, ಹೊಲಿಗೆ ಯಂತ್ರ, ಕಿರಾಣಿ ಅಂಗಡಿ, ಹೀಗೆ ಕಸುಬುಗಳ ಒಂದು ಪಟ್ಟಿ ಇರುತ್ತಿತ್ತು. ಅರ್ಜಿ ತುಂಬುವುದು ನನ್ನ ಕೆಲಸ.

ಮುಂಡಗೋಡದ ಕಾಡಿನ ಕಡೆಯಿಂದ ಒಬ್ಬ ಸಿದ್ದಿ ಹೆಣ್ಣುಮಗಳು ಬಂದರು. ಮೂವತ್ತರ ಆಸುಪಾಸು. ಕಂಕುಳಲ್ಲಿ ಮಗು, ಮಗುವಿನ ಸುತ್ತ ಒಂದು ಕೌದಿ. ಅಂಥ ಬಣ್ಣದ ಕೌದಿ ನಾನು ಅದುವರೆಗೆ ಕಂಡಿರಲಿಲ್ಲ. ಕೆಂಪು, ಹಳದಿ, ನೀಲಿ ತುಂಡುಗಳು ಒಂದರ ಬೆನ್ನಿಗೆ ಒಂದು ಓಡುತ್ತಿದ್ದವು. ತಾವು ಕೌದಿ ಹೊಲಿದು ಮಾರುತ್ತೇವೆ, ದಾರಕ್ಕೆ, ಬಟ್ಟೆಗೆ, ಬಸ್ ಚಾರ್ಜಿಗೆ ಇನ್ನೂರು ರೂಪಾಯಿ ಸಾಕು ಎಂದರು.

ಪಟ್ಟಿ ನೋಡಿದೆ. ಕೌದಿ ಇರಲಿಲ್ಲ.

“ಹೊಲಿಗಿ ಮಷೀನ್ ತಗೋರಿ” ಎಂದೆ.

“ಮಷೀನ್ ಯಾಕ್ರೀ ಸಾಹೇಬ್ರ? ಕೈ ಐತಲ್ಲ.”

“ಕೈಗೆ ಸಾಲ ಕೊಡಾಕ ಬರೂದಿಲ್ಲ.”

ಜಾಣತನದ ಮಾತು ಆಡಿದೆ ಎಂದು ಆ ದಿನ ಅಂದುಕೊಂಡಿದ್ದೆ. ಯಂತ್ರವೇ ಮಂಜೂರಾಯಿತು. ಪರಿಶಿಷ್ಟ ಪಂಗಡದವರಿಗೆ ಶೇ 50 ಸಬ್ಸಿಡಿ, ಕೂಲಿಯವರಿಗೆ ಮೂರನೇ ಒಂದು ಭಾಗ. ಸಿದ್ದಿಯರು ಆಗ ಆ ಪಟ್ಟಿಯಲ್ಲೂ ಇರಲಿಲ್ಲ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿದ್ದು 2003ರಲ್ಲಿ. ಹೀಗಾಗಿ ಮೂರನೇ ಒಂದು ಭಾಗವೇ ಬಂತು, ಉಳಿದದ್ದು ಸಾಲ. ಕಾಡಿನ ನಡುವಿನ ಹದಿನೈದು ಮನೆಯ ಊರಿನಲ್ಲಿ ಜಂಪರ್ ಹೊಲಿಸುವವರು ಯಾರು? ಎರಡು ವರ್ಷದಲ್ಲಿ ಯಂತ್ರ ಮಾರಾಟವಾಯಿತು. ಕಂತು ನಿಂತಿತು. ನೋಟೀಸಿನ ಅಚ್ಚಾದ ಹಾಳೆಯಲ್ಲಿ ಅವರ ಹೆಸರು, ಬಾಕಿ ಅಂಕಿ ತುಂಬಿದವನು ನಾನೇ.

2012ರಲ್ಲಿ ಸಂತೆಯಲ್ಲಿ ಕೌದಿ ಮಾರುತ್ತಿದ್ದ ಒಬ್ಬರ ಹತ್ತಿರ ನನ್ನಾಕೆ ಮಾತಿಗೆ ಕೂತಳು. ನಾನು ಹಿಂದೆ ನಿಂತಿದ್ದೆ. ಅವರು ನನ್ನ ಮುಖ ನೋಡಿ, “ನೋಟೀಸ್ ಬರದಾವ್ರು ನೀವ ಅಲ್ಲೇನ್ರೀ?” ಎಂದರು. ನಕ್ಕೇ ಕೇಳಿದರು. ನನಗೆ ನಗು ಬರಲಿಲ್ಲ. ಸಿದ್ದಿ ಕೌದಿಯ ಕ್ರಮವನ್ನು ನನ್ನಾಕೆ ಕಲಿತದ್ದು ಅವರಿಂದಲೇ.

ಮೂಲೆಯಿಂದ ಹೊಟ್ಟೆಯವರೆಗೆ

ಮಕ್ಕಳೇ, ಸಿದ್ದಿಯರ ಹಿರಿಯರು ಆಫ್ರಿಕಾ ಖಂಡದವರು. ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಅವರನ್ನು ಹಡಗಿನಲ್ಲಿ ತುಂಬಿ ಗುಲಾಮರಾಗಿ ಇಲ್ಲಿಗೆ ತಂದರು. ಗೋವೆಯಿಂದ ತಪ್ಪಿಸಿಕೊಂಡವರು, ಬಿಡುಗಡೆ ಸಿಕ್ಕವರು ಘಟ್ಟ ಹತ್ತಿ ಈ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಜೋಯಿಡಾ, ಮುಂಡಗೋಡ, ಅಂಕೋಲಾದಲ್ಲಿ ಅವರ ಊರುಗಳಿವೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಹೆಚ್ಚಾಗಿ ಕೊಂಕಣಿ. ಕೌದಿಗೆ ಅವರು ‘ಕವಂದಿ’ ಎನ್ನುತ್ತಾರೆ.

ನಮ್ಮ ಸಾಮಾನ್ಯ ಕೌದಿಗೂ ಅವರದಕ್ಕೂ ಒಂದು ವ್ಯತ್ಯಾಸ ಇದೆ. ಅವರು ಕೆಳಗೆ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ತುಂಡು ಇಡುತ್ತ ಹೋಗುತ್ತಾರೆ. ತುಂಡಿನ ಅಂಚು ಒಳಗೆ ಮಡಿಸುವುದು, ಅದರ ಮೇಲೆ ದೊಡ್ಡ ದೊಡ್ಡ ಓಡುಹೊಲಿಗೆ. ಅಂಚಿನ ಗುಂಟ ಒಂದು ಸುತ್ತು ಬಂದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹಾಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು. ಜೋಡಿಸುವುದು, ಹೊಲಿಯುವುದು ಎರಡೂ ಒಟ್ಟಿಗೇ ನಡೆಯುತ್ತವೆ. ಕಾಗದದ ಮೇಲೆ ನಕ್ಷೆ ಇಲ್ಲ. ಕೈಗೆ ಸಿಕ್ಕ ತುಂಡು, ಕಣ್ಣಿಗೆ ಒಪ್ಪಿದ ಬಣ್ಣ. ಕ್ರೈಸ್ತ ಹೆಣ್ಣುಮಕ್ಕಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಹೆಣ್ಣುಮಕ್ಕಳದರಲ್ಲಿ ಅರ್ಧಚಂದ್ರ ಕಾಣುವುದೂ ಉಂಟು.

ಕಡೆಗೆ ನಾಲ್ಕು ಮೂಲೆಗೆ ಮಡಿಸಿದ ಪುಟ್ಟ ತ್ರಿಕೋನಗಳನ್ನು ಹೊಲಿಯುತ್ತಾರೆ. ಅದಕ್ಕೆ ‘ಫುಲಾ’, ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರ ಮಾತು. ನನ್ನಾಕೆಗೆ ಆ ತಾಯಿ ಇನ್ನೊಂದು ಹೇಳಿಕೊಟ್ಟಿದ್ದರು. ನಡುವಿನ ಕೊನೆಯ ತುಂಡು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮುಂಚೆ ನಾಲ್ಕು ಕಾಳು ಅಕ್ಕಿ ಇಡಬೇಕು. “ಹೊಟ್ಟಿ ಖಾಲಿ ಇರಬಾರದ್ರಿ. ಇದರ ಕೆಳಗ ಮಲಗಾವ್ರದೂ ಖಾಲಿ ಇರಬಾರದು.”

ಈ ಕೈಕೆಲಸವನ್ನು ಹೊರಗಿನ ಜಗತ್ತು ಗುರುತಿಸುವುದಕ್ಕೆ ಕಾಲ ಬೇಕಾಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಕಲೆ ಕಲಿಸುತ್ತಿದ್ದ ಹೆನ್ರಿ ಡ್ರೂವಾಲ್ ಇಲ್ಲಿಗೆ ಬಂದು ಈ ಕೌದಿಗಳನ್ನು ಕಂಡರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಣ್ಣುಮಕ್ಕಳ ಒಂದು ಕೌದಿ ಸಹಕಾರ ಕೂಟ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಷೊಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವೂ ನಡೆಯಿತು. ಅದೇ ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿ ಇದೆ. ಅಲ್ಲಿಯೂ ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಹಳೆಯ ಬಟ್ಟೆಯ ಕೌದಿ ಹೊಲಿದರು. ಆ ಕೌದಿಗಳ ಚಿತ್ರವನ್ನು 2006ರಲ್ಲಿ ಆ ದೇಶ ಅಂಚೆಚೀಟಿಯಾಗಿ ತಂದಿತು. ಎರಡು ಸಮುದ್ರದ ಆಚೆ ಈಚೆ ಎರಡು ಊರು, ಒಬ್ಬರಿಗೊಬ್ಬರು ಗೊತ್ತಿಲ್ಲ, ಕೆಲಸ ಮಾತ್ರ ಅಕ್ಕತಂಗಿಯರದ್ದು.

ಯಂತ್ರ ಆರಿಸಿದ್ದು

ಹುಬ್ಬಳ್ಳಿಗೆ ಮೂರು ಸಲ ಹೋದೆ. ನಾಲ್ಕು ಅಂಗಡಿ ನೋಡಿದೆ. ಬ್ಯಾಂಕಿನವನಲ್ಲವೇ, ಒಂದು ಪಟ್ಟಿಪುಸ್ತಕದಲ್ಲಿ ಕಾಲಂ ಗೀರಿ ಬರೆದುಕೊಂಡೆ.

ಮನೆಯಲ್ಲಿ ಇಡುವ ಕಸೂತಿ ಯಂತ್ರಗಳಲ್ಲಿ ಎರಡು ಬಗೆ. ಒಂದು, ಹೊಲಿಗೆ ಮತ್ತು ಕಸೂತಿ ಎರಡನ್ನೂ ಮಾಡುವುದು. ಇನ್ನೊಂದು, ಕಸೂತಿ ಮಾತ್ರ. ನಮ್ಮಲ್ಲಿ ಕಾಲಿನ ಹೊಲಿಗೆ ಯಂತ್ರ ಇದ್ದುದರಿಂದ ಎರಡನೆಯದನ್ನೇ ಆರಿಸಿದೆ. ಬಟ್ಟೆಯನ್ನು ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಸಿಗಿಸಬೇಕು. ಈ ಚೌಕಟ್ಟಿಗೆ ಹೂಪ್ ಎನ್ನುತ್ತಾರೆ, ಕೈಕಸೂತಿಯ ರಿಂಗಿನ ಅಣ್ಣ ಎನ್ನಿ. ಸೂಜಿ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ, ಚೌಕಟ್ಟು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುತ್ತದೆ. ಚೌಕಟ್ಟು ಎಷ್ಟು ದೊಡ್ಡದೋ ಚಿತ್ರ ಅಷ್ಟೇ ದೊಡ್ಡದು. ಚಿಕ್ಕ ಯಂತ್ರಗಳಲ್ಲಿ ನಾಲ್ಕು ಇಂಚು ಚೌಕ, ಮುಂದಿನವುಗಳಲ್ಲಿ ಐದು ಇಂಚಿಗೆ ಏಳು ಇಂಚು. ನಾವು ಐದು ಏಳರದ್ದು ತಂದೆವು. ದಾರ, ಸೂಜಿ, ಬಾಬಿನ್, ಯುಪಿಎಸ್ ಎಲ್ಲ ಸೇರಿ ಖರ್ಚು ಲಕ್ಷದ ಗಡಿ ದಾಟಿತು. ಒಂದು ಠೇವಣಿ ಮುರಿಸಿದೆ. ಪುಣೆಯ ಮಗ ಫೋನಿನಲ್ಲಿ ಬೈದ. ಮರುದಿನ ತಾನೇ ಚಿತ್ರದ ಫೈಲುಗಳನ್ನು ಕಳಿಸಿದ.

ಮನೆಗಾಗಿ ಇಂಥ ಕಂಪ್ಯೂಟರ್ ಕಸೂತಿ ಯಂತ್ರವನ್ನು ಮೊದಲು ತಂದದ್ದು ಜಪಾನಿನ ಜನೋಮೆ ಕಂಪನಿ, 1990ರಲ್ಲಿ. ಹೊಲಿಗೆ ಯಂತ್ರಕ್ಕಂತೂ ವಯಸ್ಸು ಹೆಚ್ಚು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದ, ಐಸಾಕ್ ಸಿಂಗರ್ 1851ರಲ್ಲಿ. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿ 1924ರಲ್ಲಿ ಒಂದು ಮಾತುಕತೆಯಲ್ಲಿ ಸಿಂಗರ್ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಿಂದ ಹೊಲಿದು ದಣಿಯುವುದನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದ ಎಂಬುದು ಅವರು ಕೊಟ್ಟ ಕಾರಣ. ಸಿಂಗರನ ನಿಜ ಚರಿತ್ರೆ ಅಷ್ಟು ಮಧುರವಾಗಿಲ್ಲ, ಅವನಿಗೆ ಬೇಕಾಗಿದ್ದದ್ದು ಲಾಭ. ಆದರೂ ಟೆಂಪೊ ಬಂದ ದಿನ ನನಗೆ ಗಾಂಧೀಜಿಯ ಮಾತೇ ನೆನಪಾಯಿತು.

ಮುರಿದ ಸೂಜಿ

ಮೊದಲ ತಪ್ಪು ನನ್ನದೇ. ಯಂತ್ರ ಇದ್ದ ಮೇಲೆ ಕೌದಿಯನ್ನೇ ಅದರಲ್ಲಿ ಹೊಲಿಯಬಹುದು ಎಂದುಕೊಂಡೆ. ಲೆಕ್ಕವನ್ನೂ ಹಾಕಿದ್ದೆ. ಮಕ್ಕಳೇ, ನೀವೂ ಹಾಕಿ ನೋಡಿ. ಆರು ಅಡಿಗೆ ನಾಲ್ಕು ಅಡಿಯ ಕೌದಿ, ಅಂದರೆ 72 ಇಂಚಿಗೆ 48 ಇಂಚು. ಅರ್ಧ ಇಂಚಿಗೆ ಒಂದು ಸಾಲು ಎಂದರೆ 96 ಸಾಲು. ಸಾಲಿಗೆ 72 ಇಂಚು, ಇಂಚಿಗೆ ಮೂರು ಹೊಲಿಗೆ. ಒಟ್ಟು 20,736 ಹೊಲಿಗೆ. ಯಂತ್ರ ನಿಧಾನಕ್ಕೆ ನಡೆದರೂ ನಿಮಿಷಕ್ಕೆ 400. ಐವತ್ತೆರಡು ನಿಮಿಷದಲ್ಲಿ ಮುಗಿಯಬೇಕು. ನನ್ನಾಕೆಗೆ, ಕೈ ಚೆನ್ನಾಗಿದ್ದಾಗ, ಎರಡು ತಿಂಗಳು ಬೇಕಾಗುತ್ತಿತ್ತು.

ಆರು ಪದರ ಹಳೆ ಬಟ್ಟೆ ಹೇಗೋ ಚೌಕಟ್ಟಿಗೆ ತುರುಕಿದೆ. ಗುಂಡಿ ಒತ್ತಿದೆ. ಹತ್ತನೆಯ ಹೊಲಿಗೆಗೆ ಫಟ್ ಎಂದಿತು. ಮುರಿದ ಸೂಜಿಯ ತುದಿ ನನ್ನ ಚಾಳೀಸಿಗೆ ಬಡಿದು ಕೆಳಗೆ ಬಿತ್ತು. ಚಾಳೀಸು ಇಲ್ಲದಿದ್ದರೆ ಕಣ್ಣಿಗೇ. ನನ್ನಾಕೆ ಒಳಗಿನಿಂದ, “ಕೊಟ್ಟದ್ದೆಲ್ಲ ತಿನ್ನಾಕ ಅದೇನು ಎಮ್ಮೀ ಏನ್ರೀ?” ಎಂದಳು.

ಆಮೇಲೆ ಒಂದು ವಾರ ಪುಸ್ತಕ ಓದಿದೆ. ತಿಳಿದದ್ದು ಇಷ್ಟು. ಮನೆಯ ಕಸೂತಿ ಯಂತ್ರ ಇರುವುದು ಒಂದೆರಡು ಪದರದ ಬಟ್ಟೆಗೆ. ಆದ್ದರಿಂದ ಕೌದಿಗೆ ಸೇರುವ ತುಂಡಿನ ಮೇಲೆ ಮೊದಲೇ ಕಸೂತಿ ಹಾಕಿ, ಆಮೇಲೆ ಆ ತುಂಡನ್ನು ಕೌದಿಗೆ ಕೂಡಿಸಬೇಕು. ಬಟ್ಟೆಯ ಹಿಂದೆ ಸ್ಟೆಬಿಲೈಸರ್ ಎಂಬ ಹಾಳೆ ಇಡಲೇಬೇಕು, ಕಾಲರಿಗೆ ಹಾಕುವ ಬಕ್ರಂನ ಹಾಗೆ. ಇಲ್ಲದಿದ್ದರೆ ಬಟ್ಟೆ ಸುಕ್ಕಾಗಿ ಚಿತ್ರ ಮುದುಡಿಕೊಳ್ಳುತ್ತದೆ. ಅದರಲ್ಲಿ ಹರಿದು ತೆಗೆಯುವುದು ಒಂದು, ಕತ್ತರಿಸಿ ತೆಗೆಯುವುದು ಒಂದು. ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಗೆ ಕತ್ತರಿಸುವುದೇ ಒಳ್ಳೆಯದು, ಚಿತ್ರದ ಹಿಂದೆ ಅದು ಉಳಿದು ಆಸರೆ ಕೊಡುತ್ತದೆ. ಕಸೂತಿಯ ದಾರ ಹೊಲಿಗೆ ದಾರಕ್ಕಿಂತ ನಯ. ಬಾಬಿನ್ನಿಗೆ ಇನ್ನೂ ಸಪೂರ ದಾರ.

ಮಂಗಟ್ಟೆ ಹಾರಿತು

ದಸರೆ ರಜೆಗೆ ಕಿರಿಯ ಮೊಮ್ಮಗಳು ಬಂದಳು. ಆರನೆಯ ತರಗತಿ. ದಾಂಡೇಲಿಗೆ ಹೋಗಿ ಕಾಳಿ ನದಿ ದಂಡೆಯಲ್ಲಿ ಮಂಗಟ್ಟೆ ಹಕ್ಕಿ ನೋಡಿ ಬಂದಿದ್ದಳು. ನಮ್ಮ ದಾಂಡೇಲಿ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ, 2011ರಲ್ಲಿ ಅವುಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ. ಅವಳು ಬರೆದ ಚಿತ್ರದಲ್ಲಿ ಕೊಕ್ಕು ಹಕ್ಕಿಗಿಂತ ದೊಡ್ಡದಿತ್ತು. “ಇದನ್ನ ಹಾಕು ಅಜ್ಜ” ಎಂದಳು.

ಚಿತ್ರವನ್ನು ಹಾಗೇ ಕೊಟ್ಟರೆ ಯಂತ್ರಕ್ಕೆ ತಿಳಿಯುವುದಿಲ್ಲ. ಯಾವ ಜಾಗಕ್ಕೆ ಯಾವ ಬಣ್ಣ, ಹೊಲಿಗೆ ಅಡ್ಡಕ್ಕೋ ಉದ್ದಕ್ಕೋ, ಯಾವುದು ಮೊದಲು, ಯಾವುದು ಕೊನೆಗೆ ಎಂದು ಪ್ರತಿಯೊಂದನ್ನೂ ಕಂಪ್ಯೂಟರಿನಲ್ಲಿ ಗುರುತಿಸಿ ಫೈಲು ಮಾಡಬೇಕು. ಇದಕ್ಕೆ ಡಿಜಿಟೈಸಿಂಗ್ ಎನ್ನುತ್ತಾರೆ. ಒಂದೊಂದು ಕಂಪನಿಯ ಯಂತ್ರ ಒಂದೊಂದು ಬಗೆಯ ಫೈಲು ಓದುತ್ತದೆ. ಮೊಮ್ಮಗಳು, ನಾನು ಎರಡು ದಿನ ಕೂತೆವು. ಮೂರನೆಯ ದಿನ ಗುಂಡಿ ಒತ್ತಿದೆವು. ಕಪ್ಪು, ಬಿಳಿ, ಹಳದಿ, ಕೆಂಪು, ಹಸಿರು, ಐದು ಸಲ ದಾರ ಬದಲಿಸಿದ್ದಾಯಿತು. ಹನ್ನೊಂದು ಸಾವಿರ ಹೊಲಿಗೆ, ಮುಕ್ಕಾಲು ಗಂಟೆ. ನನ್ನಾಕೆಯ ಹಳೆಯ ಹಸಿರು ಇಳಕಲ್ ಸೀರೆಯ ತುಂಡಿನ ಮೇಲೆ ಮಂಗಟ್ಟೆ ಎದ್ದು ಬಂತು. ಹುಡುಗಿ ಕುಣಿದಾಡಿದಳು. ನಾನೂ ಕುಣಿಯುತ್ತಿದ್ದೆ, ಮೊಣಕಾಲು ಬಿಡಲಿಲ್ಲ.

ನನ್ನಾಕೆ ತುಂಡನ್ನು ಕೈಗೆ ತಗೊಂಡು ಮೊದಲು ಮಾಡಿದ್ದು ತಿರುಗಿಸಿ ನೋಡಿದ್ದು. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗೆ ಗಂಟು ಹಾಕುವ ಹಾಗಿಲ್ಲ, ಮುಂದೂ ಹಿಂದೂ ಒಂದೇ ಥರ ಕಾಣಬೇಕು. ಇಲ್ಲಿ ಹಿಂದೆ ಬಾಬಿನ್ನಿನ ಬಿಳಿ ದಾರ ತುಂಬಿತ್ತು.

“ಬೆನ್ನಿಗೆ ಮುಖಾ ಇಲ್ಲ ಇದಕ್ಕ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಮಾರೀ ಚಲೋ ಐತಿ” ಎಂದಳು.

ಮಂಗಟ್ಟೆಯ ತುಂಡನ್ನು ನಡುವೆ ಇಟ್ಟು ಅದರ ಸುತ್ತ ಕೌದಿ ಬೆಳೆಸಿದೆವು. ನಾನು ಸೂಜಿ ಹಿಡಿದೆ, ಆಕೆ ಪಕ್ಕದಲ್ಲಿ ಕೂತು ಬಣ್ಣ ಹೇಳಿದಳು. ಡಿಸೆಂಬರಿಗೆ ಮುಗಿಯಿತು.

ತಲೆಕೆಳಗಾದ ಕೌದಿ

ಮಗುವಿಗೆ ಕೊಡುವ ಮುಂಚೆ ಮುಂಡಗೋಡದ ತಾಯಿಗೆ ತೋರಿಸಬೇಕು ಎಂದು ನನ್ನಾಕೆ ಹಟ ಹಿಡಿದಳು. ಹೋದೆವು. ಅವರೂ ಈಗ ನಮ್ಮ ಓರಗೆಯ ಮುದುಕಿ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ಕೌದಿ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡು ಹಕ್ಕಿಯ ಕೊಕ್ಕನ್ನು ಸವರಿದರು. ಆಮೇಲೆ ಮೂಲೆ ನೋಡಿದರು. ಮತ್ತೆ ನಡುವೆ ನೋಡಿದರು.

“ಚಲೋ ಐತ್ರಿ. ಹೊಟ್ಟಿ ಎಲ್ಲೈತಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಂಗಟ್ಟೆ ಚೆನ್ನಾಗಿದೆ ಎಂದು ಅದನ್ನೇ ಮೊದಲು ನಡುವೆ ಇಟ್ಟಿದ್ದೆವು. ಮೂಲೆಯಿಂದ ಹೊರಟು ನಡುವಿಗೆ ಬರಬೇಕಾದ ಕೌದಿ ನಡುವಿನಿಂದ ಹೊರಟು ಮೂಲೆಗೆ ಹೋಗಿತ್ತು. ಅಕ್ಕಿ ಇಟ್ಟಿರಲಿಲ್ಲ, ಹೂವೂ ಇರಲಿಲ್ಲ. ಹನ್ನೆರಡು ವರ್ಷದಿಂದ ಕಲಿತದ್ದು ಒಂದು ಯಂತ್ರದ ಸಂಭ್ರಮದಲ್ಲಿ ಮರೆತುಹೋಗಿತ್ತು.

ಯಂತ್ರಕ್ಕೆ ಮೊದಲ ಹೊಲಿಗೆಗೂ ಮುಂಚೆ ಕೊನೆಯ ಹೊಲಿಗೆ ಗೊತ್ತಿರಬೇಕು. ನನ್ನ ಕೆಲಸವೂ ಅದೇ ಬಗೆಯದು. ನಮೂನೆಯಲ್ಲಿ ಕಾಲಂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂವತ್ತೇಳು ವರ್ಷ ಹಾಗೆ ಬದುಕಿದವನಿಗೆ ಈ ಯಂತ್ರ ಬೇಗ ಒಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿಯೇ ಕೂತು, 1983ರ ಅರ್ಜಿಯ ಮಾತು ತೆಗೆದೆ. ಇನ್ನೂರು ರೂಪಾಯಿ ಕೇಳಿದವರ ಹೆಸರಿಗೆ ಬೇಡದ ಯಂತ್ರದ ಸಾಲ ಬರೆದದ್ದು ತಪ್ಪಾಯಿತು ಎಂದೆ. ಹೇಳುವುದಕ್ಕೆ ನಲವತ್ತು ವರ್ಷ ಬೇಕಾಯಿತು.

ಅವರು ಹಕ್ಕಿಯ ತುಂಡಿನ ಒಂದು ಬದಿಯ ಹೊಲಿಗೆ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

“ಮಷೀನ್ ಮಾರಿದ ರೊಕ್ಕದಾಗ ಮಗಳಿಗೆ ಸಾಲೀ ಅಂಗಿ ತಂದೆ, ಪಾಟಿ ತಂದೆ. ಆಕಿ ಏಳನೇತ್ತ ಪಾಸಾದ್ಲು. ಅದು ನಿಮ್ಮ ಪುಸ್ತಕದಾಗ ಬರೀಲಿಲ್ಲ ಅಷ್ಟ.”

ಒಳಗಿನಿಂದ ನಾಲ್ಕು ಕಾಳು ಅಕ್ಕಿ ತರಿಸಿ ಆ ಸಂದಿಯಲ್ಲಿ ಹಾಕಿದರು. ಸೂಜಿ ಪೋಣಿಸಿ ನನ್ನ ಕಡೆ ಕೊಡಲಿಲ್ಲ, ನನ್ನಾಕೆಯ ಕಡೆ ಚಾಚಿದರು. “ಅಕ್ಕಾರ, ನೀವ ಮುಚ್ರಿ.”

“ಬೆರಳು ಏಳೂದಿಲ್ಲ ನಂದು.”

“ಎದ್ದಷ್ಟು ಏಳಲಿ. ಅವಸರ ಏನೈತಿ?”

ಏಳು ಹೊಲಿಗೆ ಹಾಕುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಅವರು ಒಂದು ಕೆಂಪು ಬಟ್ಟೆ ಹರಿದು ನಾಲ್ಕು ಫುಲಾ ಮಡಿಸಿ ಇಟ್ಟಿದ್ದರು. ಅದನ್ನು ಮೂಲೆಗೆ ಹೊಲಿಯುವ ಕೆಲಸ ನನಗೆ ಬಂತು.

ಮರಿಮಗಳು ಈಗ ಆ ಕೌದಿಯ ಮೇಲೆ ಅಂಬೆಗಾಲಿಡುತ್ತಾಳೆ, ಮಂಗಟ್ಟೆಯ ಕೊಕ್ಕನ್ನು ಕಚ್ಚಿ ಎಳೆಯುತ್ತಾಳೆ. ಯಂತ್ರ ನಮ್ಮ ಪಡಸಾಲೆಯಲ್ಲಿ ಸುಮ್ಮನೆ ಕೂತಿಲ್ಲ. ನಾವು ಮೊಮ್ಮಕ್ಕಳ ಹೆಸರು, ಅವರು ಬರೆದ ಆನೆ, ಬಸ್ಸು, ಚಂದ್ರ ಎಲ್ಲವನ್ನೂ ತುಂಡುಗಳ ಮೇಲೆ ಹಾಕುತ್ತೇವೆ. ಕೂಡಿಸುವುದು ಮಾತ್ರ ಕೈಯಿಂದ. ನನ್ನಾಕೆ ದಿನಕ್ಕೆ ಐದೋ ಹತ್ತೋ ಹೊಲಿಗೆ ಹಾಕುತ್ತಾಳೆ, ಬೆರಳು ಬೇಡ ಎಂದ ದಿನ ಇಲ್ಲ.

ಎರಡನೆಯ ಕೌದಿ ಶುರುವಾಗಿದೆ. ಈ ಸಲ ಮೂಲೆಯಿಂದ.

ಕೊಳ್ಳುವ ಮುನ್ನ ಹತ್ತು ಮಾತು

1. ನಿಮ್ಮ ಕೈಗೆ ಯಾವ ಕೆಲಸ ಕಷ್ಟ, ಯಾವುದು ಇಷ್ಟ ಎಂದು ಮೊದಲು ಬರೆದುಕೊಳ್ಳಿ. ಕಷ್ಟದ್ದನ್ನು ಯಂತ್ರಕ್ಕೆ ಕೊಡಿ, ಇಷ್ಟದ್ದನ್ನು ಇಟ್ಟುಕೊಳ್ಳಿ.

2. ಮನೆಯಲ್ಲಿ ಹೊಲಿಗೆ ಯಂತ್ರ ಇದ್ದರೆ ಕಸೂತಿ ಮಾತ್ರ ಮಾಡುವ ಯಂತ್ರ ಸಾಕು.

3. ಚೌಕಟ್ಟಿನ ಅಳತೆ ಕೇಳಿ. ಹೆಸರು, ಚಿಕ್ಕ ಹೂವಿಗೆ ನಾಲ್ಕು ಇಂಚು ಸಾಕು. ಕೌದಿಯ ತುಂಡಿಗೆ ಐದು ಏಳರದ್ದು ಅನುಕೂಲ.

4. ಅಂಗಡಿಗೆ ನಿಮ್ಮದೇ ಬಟ್ಟೆ ಒಯ್ದು ಅದರ ಮೇಲೆ ಹೊಲಿಸಿ ನೋಡಿ. ಅವರ ಗಟ್ಟಿ ಬಟ್ಟೆಯ ಮೇಲೆ ಯಾವ ಯಂತ್ರವೂ ಚೆನ್ನಾಗಿಯೇ ಕಾಣುತ್ತದೆ.

5. ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆಯೇ ಎಂದು ಕೇಳಿ. ಮಲೆನಾಡಿನವರಿಗೆ ಇದು ಮುಖ್ಯ. ಯುಪಿಎಸ್ ಇರಲಿ.

6. ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಬರುವ ಖರ್ಚು ಯಾರದ್ದು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

7. ಯಾವ ಬಗೆಯ ಫೈಲು ಓದುತ್ತದೆ, ಪೆನ್ ಡ್ರೈವ್ ತಗೊಳ್ಳುತ್ತದೆಯೇ, ಕನ್ನಡ ಅಕ್ಷರ ಹಾಕುವುದು ಹೇಗೆ ಎಂದು ತಿಳಿದುಕೊಳ್ಳಿ. ಯಂತ್ರದೊಳಗಿನ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷಿನವು.

8. ಯಂತ್ರದ ಬೆಲೆಯ ಮೇಲೆ ದಾರ, ಸೂಜಿ, ಸ್ಟೆಬಿಲೈಸರ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೂಜಿ ಮೊಂಡಾಗುವವರೆಗೆ ಕಾಯದೆ ಬದಲಿಸಿ.

9. ಹೊಸ ಬಟ್ಟೆಯನ್ನು ಮೊದಲು ತೊಳೆದು ಒಣಗಿಸಿ. ಇಲ್ಲದಿದ್ದರೆ ಕಸೂತಿ ಹಾಕಿದ ಮೇಲೆ ಕುಗ್ಗುತ್ತದೆ.

10. ಯಂತ್ರ ಓಡುವಾಗ ಚಾಳೀಸು ಹಾಕಿಕೊಳ್ಳಿ. ಮಕ್ಕಳು ಸೂಜಿಯ ಹತ್ತಿರ ಬೆರಳು ಒಯ್ಯಬಾರದು. ಚಿತ್ರ ಬರೆಯುವುದು, ಬಣ್ಣ ಆರಿಸುವುದು ಅವರಿಗೇ ಬಿಡಿ.